ಹೊರದೇಶಕ್ಕೆ ಮಾರುವವರು ಭಾಷಾಂತರಕ್ಕೆ ಕೊಡುವ ಮುಂಚೆ

ಬರೀ 'ಚೀನಿ ಭಾಷೆಗೆ ಮಾಡಿಕೊಡಿ' ಅಂದರೆ ಸಾಲದು. ಚೀನಾ, ಸಿಂಗಾಪುರಕ್ಕೆ ಸರಳೀಕೃತ ಲಿಪಿ; ತೈವಾನ್, ಹಾಂಗ್‌ಕಾಂಗ್‌ಗೆ ಸಾಂಪ್ರದಾಯಿಕ ಲಿಪಿ. ಪೋರ್ಚುಗೀಸ್ ಆದರೆ ಬ್ರೆಜಿಲ್‌ದೋ ಪೋರ್ಚುಗಲ್‌ದೋ ಅಂತ ಮೊದಲೇ ಹೇಳಿ. ಕೆನಡಾದಲ್ಲಿ ಮಾರುವ ಪೊಟ್ಟಣದ ಮೇಲಿನ ಕಡ್ಡಾಯ ವಿವರ ಸಾಮಾನ್ಯವಾಗಿ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇರಬೇಕು.

ಇಡೀ ವೆಬ್‌ಸೈಟ್ ಒಟ್ಟಿಗೆ ಮಾಡಿಸಬೇಡಿ. ಉತ್ಪನ್ನದ ವಿವರ, ಅಳತೆ, ಸಾಗಣೆ ವೆಚ್ಚ, ವಾಪಸಾತಿ ನಿಯಮ, ಪಾವತಿ ಪುಟ ಇಷ್ಟು ಮೊದಲು ಸಾಕು. 'ನಮ್ಮ ಬಗ್ಗೆ' ಪುಟವನ್ನು ಓದುವವರೇ ಕಡಿಮೆ, ಅದು ಕಾಯಲಿ.

ಹೆಚ್ಚು ಎಡವಟ್ಟಾಗುವುದು ಅಂಕಿಗಳಲ್ಲಿ. ಜರ್ಮನಿಯಲ್ಲಿ 1.500 ಅಂದರೆ ಒಂದೂವರೆ ಸಾವಿರ, ಒಂದೂವರೆ ಅಲ್ಲ. 03/04 ಅಮೆರಿಕದಲ್ಲಿ ಮಾರ್ಚ್ 4, ಬ್ರಿಟನ್‌ನಲ್ಲಿ ಏಪ್ರಿಲ್ 3. ತಿಂಗಳನ್ನು ಅಕ್ಷರದಲ್ಲೇ ಬರೆದುಬಿಡಿ, ತಕರಾರೇ ಇರಲ್ಲ.

ಇಂಗ್ಲಿಷ್‌ನಿಂದ ಜರ್ಮನ್‌ಗೆ ಹೋದಾಗ ಪಠ್ಯ ಶೇ. 30ರವರೆಗೂ ಉದ್ದವಾಗಬಹುದು, ಬಟನ್, ಲೇಬಲ್‌ಗಳಲ್ಲಿ ಜಾಗ ಬಿಡದಿದ್ದರೆ ಪದ ಅರ್ಧಕ್ಕೇ ತುಂಡಾಗುತ್ತದೆ. ಅರೇಬಿಕ್‌ನಲ್ಲಿ ಪುಟವೇ ಬಲದಿಂದ ಎಡಕ್ಕೆ ತಿರುಗುತ್ತದೆ, ಆದರೆ ಫೋನ್ ನಂಬರ್ ಎಡದಿಂದ ಬಲಕ್ಕೇ ಉಳಿಯಬೇಕು. ಡಿಸೈನರ್‌ಗಳು ಮರೆಯುವುದು ಇದನ್ನೇ. ಚಿತ್ರದೊಳಗೆ ಅಕ್ಷರ ಕೂರಿಸಬೇಡಿ, ಪ್ರತಿ ಭಾಷೆಗೂ ಚಿತ್ರ ಮತ್ತೆ ಮಾಡಿಸಬೇಕಾಗುತ್ತದೆ.

ಯಂತ್ರಾನುವಾದ ಗ್ರಾಹಕರ ವಿಮರ್ಶೆಗಳಿಗೆ ನಡೆಯುತ್ತದೆ. ವಾರಂಟಿ, ಸುರಕ್ಷತಾ ಸೂಚನೆ, ಅಲರ್ಜಿ ಮಾಹಿತಿಗೆ ಮಾತ್ರ ಆ ಭಾಷೆಯವರೇ ಬೇಕು. ಅವರಿಗೆ ಫೈಲ್ ಜೊತೆ ಪದಪಟ್ಟಿ, ಉತ್ಪನ್ನದ ಫೋಟೋ, ಬ್ರಾಂಡ್ ಹೆಸರು ಅನುವಾದಿಸಬೇಡಿ ಅನ್ನುವ ಟಿಪ್ಪಣಿ ಕಳಿಸಿ. ಅಚ್ಚಿಗೆ ಮುಂಚೆ ಡಿಸೈನ್ ಆದ ಪಿಡಿಎಫ್ ಅನ್ನು ಅವರಿಂದಲೇ ಇನ್ನೊಮ್ಮೆ ಓದಿಸಿ. ಫಾಂಟ್ ಕೈಕೊಟ್ಟು ಅಕ್ಷರದ ಜಾಗದಲ್ಲಿ ಚೌಕಗಳು ಬಂದಿದ್ದರೆ ಆಗಲೇ ಸಿಗುತ್ತದೆ.