ಕೊರಿಯನ್ ರಾಜರ ಸೀರಿಯಲ್‌ನಲ್ಲಿ ಚೀನಾದ ದೂತ ಬಂದಾಗ ಏನೇನು ನೋಡಬೇಕು

ಮಳೆಗಾಲದಲ್ಲಿ ಸಾಗರದ ಕಡೆ ಮನೆಯೊಳಗೆ ಕೂತು ಮಾಡುವ ಕೆಲಸ ಎರಡೇ. ಹಲಸಿನ ಹಪ್ಪಳ ಸುಟ್ಟು ತಿನ್ನೋದು, ಕರೆಂಟ್ ಇದ್ದಷ್ಟು ಹೊತ್ತು ಸೀರಿಯಲ್ ನೋಡೋದು. ಈ ಸಲ ನಮ್ಮತ್ತೆಗೆ ಕೊರಿಯನ್ ಹುಚ್ಚು ಹತ್ತಿದೆ, ಅದೂ ರಾಜರ ಕಾಲದ್ದು. ಮೊನ್ನೆ ಚೀನಾದ ದೂತ ಬಂದ ದೃಶ್ಯ ಬಂತು. ಅತ್ತೆ ಹಪ್ಪಳ ಕೈಯಲ್ಲೇ ಹಿಡಿದು, "ಎಂಥದಾ ಇದು, ಇವ ರಾಜನೋ ಆಳೋ? ಯಾರೋ ಬಂದ ಅಂತ ನೆಲಕ್ಕೆ ಬೀಳ್ತಾನಲ್ಲ!" ಅಂದರು. ಅವರಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆದಿದ್ದೇನೆ, ಸಬ್‌ಟೈಟಲ್ ಇದನ್ನೆಲ್ಲ ಹೇಳೋದಿಲ್ಲ.

ಮೊದಲು ಕಿವಿ ಕೊಡಿ. ಸಬ್‌ಟೈಟಲ್‌ನಲ್ಲಿ ಎಲ್ಲರೂ 'ಪ್ರಭು'ಗಳೇ. ಆದರೆ ಕೊರಿಯಾದ ರಾಜನನ್ನು 'ಜೊನ್ಹಾ' ಅಂತ ಕರೆಯುತ್ತಾರೆ, ಅವನಿಗಿಂತ ಮೇಲಿನ ಚೀನಾದ ಚಕ್ರವರ್ತಿಗೆ ಮಾತ್ರ 'ಪೇಹಾ'. ಜಯಕಾರದಲ್ಲೂ ಅಷ್ಟೇ. ರಾಜನಿಗೆ 'ಚೊನ್ಸೆ', ಅಂದರೆ ಸಾವಿರ ವರ್ಷ ಬಾಳು ಅಂತ. ಚಕ್ರವರ್ತಿಗೆ 'ಮಾನ್ಸೆ', ಹತ್ತು ಸಾವಿರ ವರ್ಷ. ಆಯುಷ್ಯ ಹಾರೈಸೋದರಲ್ಲೂ ದರ್ಜೆ ನೋಡಿ!

ಆಮೇಲೆ ಬಟ್ಟೆ. ಕೊರಿಯಾದ ಜೋಸನ್ ವಂಶದ ರಾಜ ಸಾಮಾನ್ಯವಾಗಿ ಕೆಂಪು ನಿಲುವಂಗಿಯಲ್ಲಿ ಇರುತ್ತಾನೆ, ಹಳದಿ ಚಕ್ರವರ್ತಿಯ ಬಣ್ಣ. ದೊಡ್ಡ ಸಮಾರಂಭಕ್ಕೆ ಹಾಕುವ ಚಪ್ಪಟೆ ಕಿರೀಟದಿಂದ ಮುಖದ ಮುಂದೆ ಮಣಿಯ ಎಳೆಗಳು ಇಳಿಬಿದ್ದಿರುತ್ತವೆ, ನಮ್ಮ ಮದುಮಗನ ಬಾಸಿಂಗದ ಎಳೆಗಳ ಹಾಗೆ. ಅದನ್ನು ಎಣಿಸಿ. ರಾಜನಿಗೆ 9, ಚಕ್ರವರ್ತಿಗೆ 12.

ಈಗ ಅತ್ತೆಯ ಪ್ರಶ್ನೆ. ರಾಜ ಬಗ್ಗುವಾಗ ಮನುಷ್ಯನನ್ನು ನೋಡಬೇಡಿ, ಹಿಂದೆ ಬರುವ ಪಲ್ಲಕ್ಕಿ ನೋಡಿ. ದೂತ ಬಂದರೆ ರಾಜ ತನ್ನ ರಾಜಧಾನಿ ಸೋಲ್‌ನ ಪಶ್ಚಿಮದ ಬಾಗಿಲಿನಾಚೆ ಯೊಂಗುನ್‌ಮುನ್ ಅನ್ನುವ ಕಮಾನಿನ ತನಕ ಹೋಗಿ ಎದುರುಗೊಳ್ಳುತ್ತಿದ್ದ. ಅಲ್ಲಿಂದ ಅರಮನೆಗೆ ಮೆರವಣಿಗೆ. ಮುಂದೆ ಧೂಪದ ಪಲ್ಲಕ್ಕಿ, ಅದರ ಹಿಂದೆ ಇನ್ನೊಂದು ಸಣ್ಣ ಮಂಟಪದಂಥ ಪಲ್ಲಕ್ಕಿ. ಅದರೊಳಗೆ ಜನ ಇಲ್ಲ, ಚಕ್ರವರ್ತಿಯ ಆಜ್ಞಾಪತ್ರ ಇದೆ. ನಮಸ್ಕಾರ ಆ ಕಾಗದಕ್ಕೆ. ನಮ್ಮೂರಲ್ಲಿ ದೇವರ ಪಲ್ಲಕ್ಕಿ ಬಂದಾಗ ಕೈ ಮುಗಿಯುತ್ತೇವೆ, ಹೊತ್ತವನು ಪಕ್ಕದ ಮನೆಯವನೇ ಇರಬಹುದು, ಮುಗಿದಿದ್ದು ಅವನಿಗಲ್ಲ ಅಲ್ವಾ? ಅಲ್ಲಿ ಇದು ನಿಜವಾಗಿಯೂ ಆಗಿದೆ. ಆಗ ಚೀನಾ ಆಳುತ್ತಿದ್ದ ಮಿಂಗ್ ವಂಶದ ಅರಮನೆಗೆ ಕೊರಿಯಾದಿಂದಲೇ ಹುಡುಗರನ್ನು ನಪುಂಸಕ ಸೇವಕರಾಗಿ ಕಳಿಸುತ್ತಿದ್ದರು. ಅವರಲ್ಲೊಬ್ಬ ಯೂನ್ ಬೊಂಗ್, ಸೇಜೊಂಗ್ ರಾಜನ ಕಾಲದಲ್ಲಿ ಮತ್ತೆ ಮತ್ತೆ ದೂತನಾಗಿ ಊರಿಗೆ ಬಂದು ಉಡುಗೊರೆ ಕೇಳಿ ಕೇಳಿ ಸುಸ್ತು ಮಾಡಿದ. ರಾಜ ಹಲ್ಲು ಕಚ್ಚಿಕೊಂಡು ಉಪಚಾರ ಮಾಡಲೇಬೇಕಿತ್ತು.

ಔತಣದ ದೃಶ್ಯದಲ್ಲಿ ಯಾರು ಎಲ್ಲಿ ಕೂತಿದ್ದಾರೆ ನೋಡಿ. ತನ್ನ ಆಸ್ಥಾನದಲ್ಲಿ ರಾಜ ದಕ್ಷಿಣಕ್ಕೆ ಮುಖ ಮಾಡಿ ಮೇಲೆ ಕೂರುತ್ತಾನೆ. ಜಪಾನಿನ ದೂತ ಬಂದರೂ ಹಾಗೆಯೇ. ಚೀನಾದವನು ಬಂದರೆ ದೂತ ಪೂರ್ವದ ಗೋಡೆಗೆ, ರಾಜ ಪಶ್ಚಿಮದ ಗೋಡೆಗೆ, ಎದುರುಬದುರು. ಪೂರ್ವದ ಕಡೆ ಕೂತವನಿಗೆ ಮರ್ಯಾದೆ ಜಾಸ್ತಿ.

ರಾಜ ಚಕ್ರವರ್ತಿಯ ಎದುರೇ ನಿಂತಿದ್ದಾನೆ ಅಂದರೆ ಬಹುಪಾಲು ಅದು 1637ರ ಕಥೆ. ಅದಕ್ಕೂ ಹಿಂದೆ, ಮಂಗೋಲರ ಕಾಲದ ಗೊರ್ಯೊ ವಂಶದ ಕೊರಿಯಾ ರಾಜರು ಬೀಜಿಂಗಿಗೆ ಹೋಗಿದ್ದುಂಟು. ಆದರೆ ಜೋಸನ್ ರಾಜರಲ್ಲಿ ಸಿಂಹಾಸನ ಏರಿದ ಮೇಲೆ ಚಕ್ರವರ್ತಿಯನ್ನು ಎದುರಿಗೆ ಕಂಡವನು ಇಂಜೊ ಒಬ್ಬನೇ, ಅದೂ ಸೋತು. ನಾಮ್‌ಹಾನ್ ಬೆಟ್ಟದ ಕೋಟೆಯಲ್ಲಿ ಚಳಿಗಾಲದ ಮುತ್ತಿಗೆ ತಡೆದು ತಡೆದು, ಊಟ ಮುಗಿಯುತ್ತಾ ಬಂದು, ಕೊನೆಗೆ ರಾಜಪೋಷಾಕು ಬಿಟ್ಟು ನೀಲಿ ಬಟ್ಟೆಯಲ್ಲಿ ಪಶ್ಚಿಮದ ಬಾಗಿಲಿನಿಂದ ಇಳಿದು ಬಂದ. ಸಾಂಜೊಂದೊ ಅನ್ನುವ ದೋಣಿಗಂಡಿಯಲ್ಲಿ ಎತ್ತರದ ಕಟ್ಟೆಯ ಮೇಲೆ ಕೂತಿದ್ದ ಮುಂದೆ ಚೀನಾ ಆಳಿದ ಚಿಂಗ್ ವಂಶದ ಚಕ್ರವರ್ತಿ ಹಾಂಗ್ ತೈಜಿಗೆ 3 ಸಲ ಮೊಣಕಾಲೂರಿ 9 ಸಲ ತಲೆಬಾಗಿದ. ಇಲ್ಲಿ ಹಣೆಯಿಂದ ರಕ್ತ ಸುರಿಸಿದರೆ ಅದು ಸೀರಿಯಲ್‌ನವರ ಮಸಾಲೆ, ಆಸ್ಥಾನದ ದಾಖಲೆಯಲ್ಲಿ ರಕ್ತ ಇಲ್ಲ. ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದುಕೊಂಡು ಹೋದರು. ಅದೇ 1637ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ನಮ್ಮ ಇಕ್ಕೇರಿ ಮೇಲೆ ಬಿದ್ದಿದ್ದು. ವೀರಭದ್ರ ನಾಯಕ ಹೊನ್ನು ಕೊಡಲು ಒಪ್ಪಿ ರಾಜಿಯಾದ, ರಾಜಧಾನಿ ಬಿದನೂರಿಗೆ ಹೋಯಿತು. ಇದನ್ನು ಹೇಳಿದ ಮೇಲೆ ಅತ್ತೆ ಇಂಜೊನನ್ನು ಬೈಯೋದು ನಿಲ್ಲಿಸಿದರು.

ಕೊರಿಯಾ ಚೀನಾಕ್ಕೆ ಕಪ್ಪ ಕೊಡುತ್ತಿತ್ತು ಅಂದ ಕೂಡಲೇ ಬರೀ ನಷ್ಟ ಅಂದುಕೊಳ್ಳಬೇಡಿ. ಮಿಂಗ್‌ನವರು ಕಪ್ಪ ತಗೊಂಡು ಮೂರು ವರ್ಷಕ್ಕೊಮ್ಮೆ ಬಂದರೆ ಸಾಕು ಅಂದರೆ ಕೊರಿಯಾದವರು ವರ್ಷಕ್ಕೆ ಮೂರು ಸಲ ಬರ್ತೇವೆ ಅಂತ ಹಟ ಹಿಡಿದಿದ್ದರು. ಯಾಕೆ ಅಂದರೆ ತಂಡದ ಜೊತೆ ಜಿನ್ಸೆಂಗ್ ಬೇರು ಹೋಗುತ್ತಿತ್ತು, ವಾಪಸ್ ಬರುವಾಗ ರೇಷ್ಮೆ, ಪುಸ್ತಕ, ಸುದ್ದಿ. ಒಳಗಿನ ಆಡಳಿತಕ್ಕೆ ಚೀನಾ ಸಾಮಾನ್ಯವಾಗಿ ಕೈ ಹಾಕುತ್ತಿರಲಿಲ್ಲ. ದಾರಿ ಮಾತ್ರ ಸುಲಭದ್ದಲ್ಲ. 1780ರಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿಯ 70ನೇ ಹುಟ್ಟುಹಬ್ಬಕ್ಕೆ ಹೋದ ತಂಡ ಬೀಜಿಂಗ್ ಮುಟ್ಟಿದರೆ ಅವನು ಅಲ್ಲಿಲ್ಲ, ಚೀನಾದ ಮಹಾಗೋಡೆಯಾಚೆ ಜೆಹೋಲ್‌ನಲ್ಲಿ ಇದ್ದ. ಬಿದ್ದೆವೋ ಎದ್ದೆವೋ ಅಂತ ಓಡಿದರು. ಜೊತೆಗಿದ್ದ ಪಾಕ್ ಜಿವೊನ್ ಒಂದೇ ರಾತ್ರಿ ಒಂದೇ ಹೊಳೆಯನ್ನು 9 ಸಲ ದಾಟಿದ್ದನ್ನು ಬರೆದಿಟ್ಟಿದ್ದಾನೆ. ಕತ್ತಲಲ್ಲಿ ಹೊಳೆ ಕಾಣುವುದಿಲ್ಲ, ಸದ್ದೇ ಹೆದರಿಸುತ್ತದೆ. ಶರಾವತಿ ಹಿನ್ನೀರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಎಚ್ಚರ. ಕಥೆ 1897ರ ನಂತರದ್ದಾದರೆ ಮೇಲಿನ ಲೆಕ್ಕ ಹಿಡಿಯುವುದಿಲ್ಲ. ಆ ವರ್ಷ ಗೊಜೊಂಗ್ ತಾನೇ ಚಕ್ರವರ್ತಿ ಅಂತ ಘೋಷಿಸಿಕೊಂಡ, ಹಳದಿ ಉಟ್ಟ, 12 ಎಳೆ ಹಾಕಿಕೊಂಡ. ದೂತರನ್ನು ಎದುರುಗೊಳ್ಳುತ್ತಿದ್ದ ಕಮಾನನ್ನು ಆಗಲೇ ಕೆಡವಿ ಆಗಿತ್ತು, ಪಕ್ಕದಲ್ಲಿ ಸ್ವಾತಂತ್ರ್ಯದ ಕಮಾನು ಎದ್ದಿತು. ಹಳೆಯದರ ಎರಡು ಕಲ್ಲಿನ ಕಂಬ ಈಗಲೂ ಅದರ ಮುಂದೆ ನಿಂತಿವೆ.

ನಿನ್ನೆ ಸಂಜೆ ಕರೆಂಟ್ ಬಂದ ಕೂಡಲೇ ಅತ್ತೆ ಕನ್ನಡಕ ಹಾಕಿಕೊಂಡು ಫೋನಿಗೆ ಮೂಗು ಹತ್ತಿಸಿ ಎಣಿಸುತ್ತಿದ್ದರು. "ಏಳು, ಎಂಟು... ಅಲ್ಲಾಡಬೇಡವೋ!" ಅಂತ ರಾಜನಿಗೇ ಬೈದರು.