ಮಹಿಳಾ ಓಟ ಮತ್ತು ಟ್ರಾನ್ಸ್ ಮಹಿಳೆಯರು: ಸಂಘಟಕರು ಮೊದಲೇ ಮಾಡಬೇಕಾದದ್ದು

ಮಹಿಳೆಯರ ಓಟವನ್ನು ಏರ್ಪಡಿಸುವವರು ಟ್ರಾನ್ಸ್ ಮಹಿಳೆಯರ (ಹುಟ್ಟಿದಾಗ ಗಂಡೆಂದು ಗುರುತಿಸಲಾಗಿದ್ದು, ತಮ್ಮನ್ನು ಮಹಿಳೆಯೆಂದು ಗುರುತಿಸಿಕೊಳ್ಳುವವರ) ಪ್ರವೇಶದ ಪ್ರಶ್ನೆಯನ್ನು ಓಟದ ಬೆಳಗಿನವರೆಗೆ ಮುಂದೂಡದೆ, ನೋಂದಣಿಗೆ ಮೊದಲೇ ತೀರ್ಮಾನಿಸಿ ಅರ್ಜಿಯಲ್ಲಿ ಮುದ್ರಿಸಬೇಕು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು 2023ರ ಮಾರ್ಚ್ 31ರಿಂದ, ಪುರುಷ ಪ್ರೌಢಾವಸ್ಥೆಯನ್ನು ದಾಟಿದ ಟ್ರಾನ್ಸ್ ಮಹಿಳೆಯರನ್ನು ವಿಶ್ವ ಶ್ರೇಯಾಂಕದ ಮಹಿಳಾ ಸ್ಪರ್ಧೆಗಳಿಂದ ಹೊರಗಿಟ್ಟಿದೆ. ಊರಿನ 5 ಕಿಲೋಮೀಟರ್ ಓಟಕ್ಕೆ ಆ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ಬಹುಮಾನದ ವಿಭಾಗಕ್ಕೂ ಹುಮ್ಮಸ್ಸಿಗೆ ಓಡುವವರ ವಿಭಾಗಕ್ಕೂ ಬೇರೆ ಬೇರೆ ನಿಯಮ ಇಡುವುದೇ ನ್ಯಾಯವೆಂದು ನನ್ನ ಅಭಿಪ್ರಾಯ. ಬಟ್ಟೆ ಬದಲಿಸಲು ಒಂದೇ ದೊಡ್ಡ ಶಾಮಿಯಾನ ಹಾಕುವ ಬದಲು, ಒಳಗಿನಿಂದ ಚಿಲಕ ಹಾಕಿಕೊಳ್ಳುವ, ಒಬ್ಬರಿಗಷ್ಟೇ ಹಿಡಿಸುವ ಕೋಣೆಗಳನ್ನು ಮಾಡಿಸಿದರೆ ಯಾರೂ ಇನ್ನೊಬ್ಬರೆದುರು ಮುಜುಗರಪಡಬೇಕಾಗಿಲ್ಲ, ಬಾಗಿಲಲ್ಲಿ ಯಾರ ಗುರುತನ್ನೂ ಕೇಳಬೇಕಾಗಿಲ್ಲ. ದೂರು ಬಂದರೆ ಸಾಲಿನಲ್ಲೇ ನಿಲ್ಲಿಸಿ ವಿಚಾರಿಸಬಾರದು; 2019ರ ತೃತೀಯಲಿಂಗಿಗಳ ಹಕ್ಕುಗಳ ಕಾಯ್ದೆಯು ಸಂಸ್ಥೆಗಳಿಗೆ ದೂರು ಅಧಿಕಾರಿಯನ್ನು ನೇಮಿಸಲು ಹೇಳಿರುವಂತೆ, ನೀವೂ ಒಬ್ಬರನ್ನು ಗೊತ್ತುಮಾಡಿ, ಇಬ್ಬರ ಮಾತನ್ನೂ ಪ್ರತ್ಯೇಕವಾಗಿ ಕೇಳಿಸಿ.