ಆರ್‌ಎಕ್ಸ್ 9070 ಎಕ್ಸ್‌ಟಿ ಲಿನಕ್ಸ್‌ನಲ್ಲಿ: ಡ್ರೈವರ್ ಹುಡುಕಬೇಡಿ, ಕರ್ನಲ್ ನೋಡಿ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಲಿನಕ್ಸ್‌ನಲ್ಲಿ ಗೇಮ್ ಆಡುತ್ತೇನೆ ಅಂದರೆ ಜನ ಮೊದಲು ಕೇಳುವುದು, ಡ್ರೈವರ್ ಎಲ್ಲಿಂದ ಇಳಿಸಿಕೊಂಡೆ ಅಂತ. ಎಲ್ಲಿಂದಲೂ ಇಲ್ಲ. ಎಎಂಡಿ ಕಾರ್ಡಿನ ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ. ಆದರೆ ನಿಮ್ಮ ಲಿನಕ್ಸ್ ಆ ಕಾರ್ಡಿಗಿಂತ ಹಳೆಯದಾಗಿದ್ದರೆ, ಪಾಪ, ಅದಕ್ಕೆ ಈ ಕಾರ್ಡ್ ಯಾವುದು ಅಂತಲೇ ಗೊತ್ತಿರುವುದಿಲ್ಲ. ಎಡವಟ್ಟು ಶುರುವಾಗುವುದೇ ಇಲ್ಲಿ.

ನಾನು ತಗೊಂಡಿದ್ದು ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ. ಮಾರುಕಟ್ಟೆಗೆ ಬಂದಿದ್ದು 2025ರ ಮಾರ್ಚ್ 6ಕ್ಕೆ. 16 ಜಿಬಿ ಮೆಮೊರಿ, 304 ವ್ಯಾಟ್ ಕರೆಂಟ್ ಕುಡಿಯುತ್ತದೆ, 750 ವ್ಯಾಟ್ ಪವರ್ ಸಪ್ಲೈ ಇರಲಿ ಅಂತ ಎಎಂಡಿಯವರೇ ಹೇಳುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೊಂಡೆ. ಅಂಗಡಿಯವರು ಬಿಲ್ ಬರೆಯುತ್ತಾ, "ಲಿನಕ್ಸಾ? ಯಾಕ್ ಸಾರ್ ಸುಮ್ನೆ, ವಿಂಡೋಸೇ ಹಾಕ್ಕೊಳ್ಳಿ" ಅಂದರು. ನಗುತ್ತಾ ಡಬ್ಬ ಎತ್ತಿಕೊಂಡು ಬಂದೆ.

ನೋಡಬೇಕಾದದ್ದು ಮೂರು. ಮೊದಲನೆಯದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರೊಳಗಿನ ಎಎಂಡಿಜಿಪಿಯು ಅನ್ನುವ ಭಾಗವೇ ಕಾರ್ಡನ್ನು ಎಬ್ಬಿಸಿ ಮಾನಿಟರ್‌ಗೆ ಚಿತ್ರ ಕಳಿಸುವುದು. ಎರಡನೆಯದು ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೆ ಬೂಟ್ ಆಗುವಾಗ ತುಂಬುವ ಸಣ್ಣ ಸಣ್ಣ ಫೈಲ್‌ಗಳು. ಮೂರನೆಯದು ಮೆಸಾ, ಗೇಮ್‌ಗಳು ಕಾರ್ಡಿನ ಜೊತೆ ಮಾತಾಡುವ ಭಾಷೆಯಾದ ವಲ್ಕನ್‌ನ ಡ್ರೈವರ್ (ಇದರ ಹೆಸರು ರ್‍ಯಾಡ್‌ವಿ) ಇರುವುದು ಇದರಲ್ಲಿ. ಎಲ್ಲರೂ ಕರ್ನಲ್ ನೋಡುತ್ತಾರೆ, ಕೆಲವರು ಮೆಸಾನೂ ನೋಡುತ್ತಾರೆ, ಫರ್ಮ್‌ವೇರ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಈ ಕಾರ್ಡಿಗೆ ಮೆಸಾ 25.0 ಬೇಕೇ ಬೇಕು. ಕರ್ನಲ್ 6.12 ಸಾಕು ಅನ್ನುವವರಿದ್ದಾರೆ, ಆದರೆ 6.14 ಇದ್ದರೆ ತಲೆನೋವಿಲ್ಲ ಅಂತ ನನ್ನ ಅಭಿಪ್ರಾಯ.

ನನ್ನ ಕಂಪ್ಯೂಟರಿನಲ್ಲಿ ಆಗ ಇದ್ದದ್ದು ಉಬುಂಟು 24.04, ಕರ್ನಲ್ 6.11. ಆಗಲಿಕ್ಕಿಲ್ಲ ಅಂತ ಗೊತ್ತಿತ್ತು. ಆದರೂ ಏನಾಗುತ್ತದೆ ನೋಡೋಣ ಅಂತ ಬೇಕಂತಲೇ ಅದರಲ್ಲೇ ಬೂಟ್ ಮಾಡಿದೆ. ಮಜಾ ಏನಂದರೆ ಪರದೆ ಕಪ್ಪಾಗಲಿಲ್ಲ. ಡೆಸ್ಕ್‌ಟಾಪ್ ಬಂತು, ಬ್ರೌಸರ್ ತೆರೆಯಿತು, ಎಲ್ಲ ಸರಿ ಇದೆಯಲ್ಲ ಅನ್ನಿಸುವಷ್ಟು. ಆದರೆ ಕಿಟಕಿ ಹಿಡಿದು ಎಳೆದರೆ ಅದು ಮೌಸ್‌ನ ಹಿಂದೆ ಕುಂಟುತ್ತಾ ಬರುತ್ತಿತ್ತು, ಒಂದು ವಿಡಿಯೋ ಹಾಕಿದರೆ ಸಿಪಿಯು ಫ್ಯಾನ್ ಕೂಗುತ್ತಿತ್ತು, ಹೊಸ ಕಾರ್ಡಿನ ಫ್ಯಾನ್ ಮಾತ್ರ ತಿರುಗುತ್ತಲೇ ಇರಲಿಲ್ಲ. ಟರ್ಮಿನಲ್‌ನಲ್ಲಿ ವಲ್ಕನ್‌ಇನ್ಫೋ ಓಡಿಸಿದರೆ ಕಾರ್ಡಿನ ಹೆಸರು ಇರಬೇಕಾದ ಜಾಗದಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ಬಂತು. ಹಾಗಂದರೆ ಚಿತ್ರ ಬಿಡಿಸುತ್ತಿರುವುದು ಸಿಪಿಯು, ಕಾರ್ಡು ಸುಮ್ಮನೆ ಕೂತಿದೆ ಅಂತ ಅರ್ಥ. ಬೂಟ್ ಲಾಗ್‌ನಲ್ಲಿ ಎಎಂಡಿಜಿಪಿಯು ಅಂತ ಹುಡುಕಿದರೆ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ ಮೈನಸ್ 2 ಅಂತ ಕೆಂಪಕ್ಷರದಲ್ಲಿ ಬರೆದಿತ್ತು. ಮೈನಸ್ 2 ಅಂದರೆ ಆ ಫೈಲೇ ಇಲ್ಲ. ಈ ಒಂದು ಸಾಲು ಕಂಡರೆ ಕಾರ್ಡ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಕಾರ್ಡ್ ಚೆನ್ನಾಗಿಯೇ ಇರುತ್ತದೆ.

ಇಲ್ಲಿಂದ ಎರಡು ದಾರಿ. ಉಬುಂಟುವಿನಲ್ಲೇ ಇದ್ದು ಹೊಸ ಕರ್ನಲ್, ಹೊಸ ಮೆಸಾ, ಫರ್ಮ್‌ವೇರ್ ಮೂರನ್ನೂ ಬೇರೆ ಬೇರೆ ಕಡೆಯಿಂದ ತಂದು ಹಾಕುವುದು ಒಂದು. ಆಗುತ್ತದೆ, ಆದರೆ ಮುಂದಿನ ಪ್ರತಿ ಅಪ್‌ಡೇಟ್‌ಗೂ ಉಸಿರು ಹಿಡಿದು ಕೂರಬೇಕು. ನಾನು ಎರಡನೆಯದನ್ನು ಹಿಡಿದೆ, ಫೆಡೋರಾ 42 ಅನ್ನುವ ಬೇರೆ ಲಿನಕ್ಸ್ ಹಾಕಿದೆ. ಅದು ಬಂದಿದ್ದು 2025ರ ಏಪ್ರಿಲ್‌ನಲ್ಲಿ, ಕರ್ನಲ್ 6.14, ಮೆಸಾ 25.0, ಫರ್ಮ್‌ವೇರ್ ಎಲ್ಲವೂ ಒಳಗೇ ಇತ್ತು. ಯಾವ ಡಿಸ್ಟ್ರೋ, ಅಂದರೆ ಯಾವ ಬಗೆಯ ಲಿನಕ್ಸ್, ಒಳ್ಳೆಯದು ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಕಾರ್ಡ್ ಹುಟ್ಟಿದ ತಾರೀಖಿಗಿಂತ ಆಮೇಲೆ ಬಂದದ್ದು ಬಹುತೇಕ ಯಾವುದಾದರೂ ನಡೆಯುತ್ತದೆ. ಉಬುಂಟು ಬಿಡಲು ಮನಸ್ಸಿಲ್ಲದವರಿಗೂ ಈಗ ತೊಂದರೆ ಇಲ್ಲ, 24.04.3ರಲ್ಲಿ ಅವರೂ 6.14 ಕೊಟ್ಟಿದ್ದಾರೆ. ಫೆಡೋರಾದಲ್ಲಿ ನನಗೆ ಇಷ್ಟವಾದ ಇನ್ನೊಂದು ಸಂಗತಿ, ಹಿಂದಿನ ಕರ್ನಲ್‌ಗಳನ್ನು ಅದು ಒಂದೆರಡು ಉಳಿಸಿಕೊಂಡಿರುತ್ತದೆ. ಹೊಸದು ಕೈಕೊಟ್ಟರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿಕೊಂಡರಾಯಿತು.

ಗೇಮ್ ಹಾಕುವ ಮುಂಚೆ ಬಯಾಸ್‌ಗೆ (ಕಂಪ್ಯೂಟರ್ ಆನ್ ಆದ ಕೂಡಲೇ ಸಿಗುವ ಮದರ್‌ಬೋರ್ಡ್ ಸೆಟ್ಟಿಂಗ್) ಹೋಗಿ ರಿಸೈಜ್ ಬಾರ್ ಆನ್ ಇದೆಯಾ ನೋಡಿ. ಹಳೆ ಬೋರ್ಡ್‌ಗಳಲ್ಲಿ ಅದರ ಜೊತೆ ಅಬೌ 4ಜಿ ಡೀಕೋಡಿಂಗ್ ಕೂಡ ಆನ್ ಮಾಡಬೇಕು. ಇದು ಆನ್ ಆದರೆ ಕಾರ್ಡಿನ ಮೆಮೊರಿ ಪೂರ್ತಿ ಒಂದೇ ಸಲಕ್ಕೆ ಸಿಪಿಯು ಕೈಗೆ ಸಿಗುತ್ತದೆ, ಇಲ್ಲದಿದ್ದರೆ 256 ಎಂಬಿಯ ಸಣ್ಣ ಕಿಂಡಿಯಿಂದಲೇ ಎಲ್ಲ ಓಡಾಡಬೇಕು. ಬೂಟ್ ಲಾಗ್‌ನಲ್ಲಿ ಬಾರ್ ಮುಂದೆ 16384ಎಂ ಅಂತ ಇದ್ದರೆ ಸರಿಯಿದೆ. 256ಎಂ ಅಂತ ಇದ್ದರೆ ಮತ್ತೆ ಬಯಾಸ್‌ಗೆ.

ಆಮೇಲೆ ಸ್ಟೀಮ್, ಗೇಮ್ ಕೊಂಡು ಇಳಿಸಿಕೊಳ್ಳುವ ಆ್ಯಪ್. ಇದರಲ್ಲಿ ಹೇಳುವುದು ಜಾಸ್ತಿ ಇಲ್ಲ, ಸೆಟ್ಟಿಂಗ್‌ನಲ್ಲಿ ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಆನ್ ಇದ್ದರೆ ವಿಂಡೋಸ್ ಗೇಮ್‌ಗಳು ಹಾಗೇ ಇನ್‌ಸ್ಟಾಲ್ ಆಗುತ್ತವೆ. ಹಳೆ ವಿಂಡೋಸ್ ಡಿಸ್ಕ್‌ನಲ್ಲಿರುವ ಗೇಮ್‌ಗಳನ್ನೇ ಲಿನಕ್ಸ್‌ನಿಂದ ಓಡಿಸೋಣ, ಮತ್ತೆ ಯಾಕೆ ಡೌನ್‌ಲೋಡ್, ಅಂತ ಎಲ್ಲರಿಗೂ ಅನ್ನಿಸುತ್ತದೆ. ಬೇಡ. ಆ ಡಿಸ್ಕ್ ಎನ್‌ಟಿಎಫ್‌ಎಸ್ ಅನ್ನುವ ವಿಂಡೋಸ್ ವಿನ್ಯಾಸದಲ್ಲಿರುತ್ತದೆ, ಪ್ರೋಟಾನ್ ಮಾಡಿಕೊಳ್ಳುವ ಫೋಲ್ಡರ್‌ಗಳಿಗೂ ಅದಕ್ಕೂ ಆಗಿಬರುವುದಿಲ್ಲ, ಗೇಮ್ ಶುರುವಾದ ಹಾಗೆ ಮಾಡಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಲಿನಕ್ಸ್‌ನದೇ ಡಿಸ್ಕ್‌ಗೆ ನಕಲು ಮಾಡಿಕೊಂಡು ಬಿಡಿ. ಮ್ಯಾಂಗೋಹಡ್ ಅನ್ನುವ ಟೂಲ್ ಹಾಕಿಕೊಂಡರೆ ಫ್ರೇಮ್ ಎಷ್ಟು, ಬಿಸಿ ಎಷ್ಟು, ಯಾವ ಡ್ರೈವರ್ ಅಂತ ಪರದೆಯ ಮೂಲೆಯಲ್ಲೇ ಕಾಣುತ್ತದೆ. ನನ್ನ 1440ಪಿ ಮಾನಿಟರ್‌ನಲ್ಲಿ ಸೈಬರ್‌ಪಂಕ್ 2077 ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು, ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದ ಹಾಗೆ ಲೆಕ್ಕ ಹಾಕುವುದು) ಆನ್ ಮಾಡುವ ತನಕ. ಆ ವಿಷಯದಲ್ಲಿ ಶುರುವಿನಲ್ಲಿ ರ್‍ಯಾಡ್‌ವಿ ವಿಂಡೋಸ್ ಡ್ರೈವರ್‌ಗಿಂತ ಹಿಂದೆಯೇ ಇತ್ತು, ಆಮೇಲಿನ ಮೆಸಾ ಆವೃತ್ತಿಗಳಲ್ಲಿ ಅಷ್ಟಷ್ಟೇ ಸುಧಾರಿಸುತ್ತಾ ಬಂದಿದೆ.

ಚಿತ್ರ ಹಿಗ್ಗಿಸುವ ಎಎಂಡಿಯ ತಂತ್ರ ಎಫ್‌ಎಸ್‌ಆರ್ 4ರ ಕಥೆಯೂ ಹಾಗೇ. ಈ ಕಾರ್ಡ್ ಕೊಳ್ಳಲು ದೊಡ್ಡ ಕಾರಣವೇ ಅದು, ಕಡಿಮೆ ರೆಸೊಲ್ಯೂಷನ್‌ನ ಚಿತ್ರವನ್ನು ಹಿಗ್ಗಿಸಿದರೂ ಹುಲ್ಲು, ತಂತಿಬೇಲಿಯಂಥ ಸಣ್ಣ ವಿವರ ಕಲಸಿಹೋಗುವುದಿಲ್ಲ. ಆದರೆ ಬಿಡುಗಡೆಯ ಹೊತ್ತಿಗೆ ಲಿನಕ್ಸ್‌ನಲ್ಲಿ ಅದು ಇರಲೇ ಇಲ್ಲ. ಅದಕ್ಕೆ ಬೇಕಾದ 8 ಬಿಟ್ ಫ್ಲೋಟ್ ಲೆಕ್ಕಾಚಾರ ರ್‍ಯಾಡ್‌ವಿಗೆ ಬಂದದ್ದು ಮೆಸಾ 25.2ರಲ್ಲಿ. ನನಗೆ ಅದು ಸಿಕ್ಕಿದ್ದು ಫೆಡೋರಾ 43ಕ್ಕೆ ಬಂದ ಮೇಲೆ. ಈಗ ಪ್ರೋಟಾನ್ ಜಿಇ (ಪ್ರೋಟಾನ್‌ನ ಹವ್ಯಾಸಿ ಆವೃತ್ತಿ) ಹಾಕಿಕೊಂಡು, ಗೇಮ್‌ನ ಲಾಂಚ್ ಆಪ್ಷನ್‌ನಲ್ಲಿ ಪ್ರೋಟಾನ್, ಎಫ್‌ಎಸ್‌ಆರ್4, ಅಪ್‌ಗ್ರೇಡ್ ಈ ಮೂರನ್ನೂ ದೊಡ್ಡಕ್ಷರದಲ್ಲಿ ಅಂಡರ್‌ಸ್ಕೋರ್‌ನಿಂದ ಜೋಡಿಸಿ ಮುಂದೆ ಸಮ 1 ಅಂತ ಬರೆಯುತ್ತೇನೆ. ಗೇಮ್‌ನಲ್ಲಿ ಎಫ್‌ಎಸ್‌ಆರ್ 3.1 ಇದ್ದರೆ ಅದರ ಜಾಗದಲ್ಲಿ 4 ಬಂದು ಕೂರುತ್ತದೆ.

ಟಿವಿಗೆ ಜೋಡಿಸುವವರಿಗೆ ಒಂದು ಮಾತು. ಕಾರ್ಡಿನಲ್ಲಿ ಎಚ್‌ಡಿಎಂಐ 2.1 ಪೋರ್ಟ್ ಇದೆ, ಆದರೆ ಅದರ ಕೋಡ್ ಅನ್ನು ಓಪನ್ ಸೋರ್ಸ್ ಡ್ರೈವರ್‌ನಲ್ಲಿ ಹಾಕಲು ಎಚ್‌ಡಿಎಂಐ ಫೋರಮ್ 2024ರಲ್ಲಿ ಒಪ್ಪಲಿಲ್ಲ. ನಾನು ಬಳಸುವ ಹೊತ್ತಿನಲ್ಲಿ ಲಿನಕ್ಸ್‌ನಲ್ಲಿ ಅದು 2.0ರ ಹಾಗೆಯೇ ನಡೆಯುತ್ತಿತ್ತು, ಪೂರ್ತಿ ಬಣ್ಣದಲ್ಲಿ 4ಕೆಗೆ 60 ಹರ್ಟ್ಸ್ ಅಷ್ಟೇ. ಮಾನಿಟರ್ ಆದರೆ ಡಿಸ್‌ಪ್ಲೇಪೋರ್ಟ್ ಹಾಕಿ, ಯೋಚನೆಯೇ ಬೇಡ.

ಇನ್ನು ನಮ್ಮ ಕಡೆಯವರಿಗೆ ಮಾತ್ರ ಬರುವ ತಾಪತ್ರಯ, ಯುಪಿಎಸ್. ಮನೆಯಲ್ಲಿದ್ದದ್ದು 600 ವಿಎ, ಅಂದರೆ ಹೆಚ್ಚೂಕಡಿಮೆ 360 ವ್ಯಾಟ್. ಗೇಮ್ ನಡುವೆ ಕರೆಂಟ್ ಹೋದರೆ ಒಂದು ಸಲ ಕಿರುಚಿ ಆಫ್. ಲ್ಯಾಕ್ಟ್ ಅನ್ನುವ ಟೂಲ್ ಹಾಕಿಕೊಂಡು ಕಾರ್ಡಿನ ಮಿತಿಯನ್ನು 250 ವ್ಯಾಟ್‌ಗೆ ಇಳಿಸಿದೆ. ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣಲಿಲ್ಲ, ಬೇಸಿಗೆಯಲ್ಲಿ ರೂಮ್ ಕಾಯುವುದೂ ಕಡಿಮೆಯಾಯಿತು. ಆದರೂ ಸಿಪಿಯು, ಮಾನಿಟರ್ ಸೇರಿದರೆ 600 ವಿಎ ತಡೆಯಲಿಲ್ಲ, ದೊಡ್ಡದು ತಗೊಳ್ಳಲೇಬೇಕಾಯಿತು. ಕಾರ್ಡಿನ ಬಜೆಟ್ ಹಾಕುವಾಗಲೇ ಇದನ್ನೂ ಸೇರಿಸಿಕೊಳ್ಳಿ.

ಕೊನೆಗೆ, ಆಗದೇ ಇರುವುದು. ಆಂಟಿ ಚೀಟ್, ಅಂದರೆ ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್. ಅದರಿಂದಾಗಿ ವ್ಯಾಲರಂಟ್ ಓಡುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಅವರೇ ಲಿನಕ್ಸ್‌ಗೆ ಬಾಗಿಲು ಹಾಕಿದರು. ಇದಕ್ಕೂ ಕಾರ್ಡಿಗೂ ಸಂಬಂಧ ಇಲ್ಲ, ಯಾವ ಕರ್ನಲ್ ಹಾಕಿದರೂ ಅಷ್ಟೇ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಆಡುವವರಿಗೆ ಈ ಗೋಳಿಲ್ಲ. ನನ್ನ ತಮ್ಮನಿಗೆ ವ್ಯಾಲರಂಟ್ ಬೇಕೇ ಬೇಕು, ಹಾಗಾಗಿ ಹಳೆಯ ಸಣ್ಣ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಹಾಗೇ ಬಿಟ್ಟಿದ್ದೇನೆ. ಅವನು ಆಡಿ ಎದ್ದ ಮೇಲೆ ನಾನು ರೀಬೂಟ್ ಮಾಡಿಕೊಳ್ಳುತ್ತೇನೆ.